ಸೈನಿಕ ಸಾಗಣೆ ಹಡಗಿನ ಮಾದರಿ: ಮೊದಲು ಒಂದು ದೋಣಿ ಮಾಡಿ

ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕ ಸಾಗಣೆ ಹಡಗುಗಳನ್ನು, ಅದರಲ್ಲೂ ಹ್ಯಾಸ್ಕೆಲ್ ವರ್ಗದವನ್ನು, ಕಿಟ್ ಇಲ್ಲದೆ ಕಟ್ಟಲು ಹೊರಟವರಿಗೆ ನನ್ನದೊಂದು ಮಾತು: ಹಡಗಿನ ಒಡಲಿಗೆ ಕೈ ಹಚ್ಚುವ ಮೊದಲು ಅದರ ದೋಣಿ ಮಾಡಿಕೊಳ್ಳಿ.

ಈ ಹಡಗುಗಳ ಮೈತುಂಬ ಎಲ್‌ಸಿವಿಪಿ ದೋಣಿಗಳು, ಅಂದರೆ ಸೈನಿಕರನ್ನು ದಡಕ್ಕೆ ಇಳಿಸುವ ಚಿಕ್ಕ ದೋಣಿಗಳು. ಒಂದರ ಉದ್ದ ಸುಮಾರು 11.05 ಮೀಟರ್, 1:350 ಅಳತೆಯಲ್ಲಿ 31.6 ಮಿ.ಮೀ. ಡೇವಿಟ್‌ಗಳ (ದೋಣಿ ತೂಗುಹಾಕಿ ನೀರಿಗೆ ಇಳಿಸುವ ತೋಳುಗಳ) ಅಂತರ, ಹ್ಯಾಚ್ (ಸರಕು ಇಳಿಸುವ ಬಾಯಿ) ಮೇಲಿನ ಜಾಗ, ಎಲ್ಲವೂ ಇದಕ್ಕೆ ಹೊಂದಬೇಕು. ನಾನು ಮೊದಲ ಸಲ ಎಲ್ಲ ಅಂಟಿಸಿ ಮುಗಿಸಿದ ಮೇಲೆ ದೋಣಿ ಇಟ್ಟು ನೋಡಿದರೆ ಕೂರಲೇ ಇಲ್ಲ. ಒಂದು ಸಾಲು ಡೇವಿಟ್ ಪೂರ್ತಿ ಕಿತ್ತು ಕೂರಿಸಬೇಕಾಯಿತು. ಒಂದೇ ಒಂದು ದೋಣಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಅಚ್ಚುಕಟ್ಟಾಗಿ ಮಾಡಿ, ಸಿಲಿಕೋನ್ ಅಚ್ಚು ತೆಗೆದು, ಉಳಿದವನ್ನು ರೆಸಿನ್‌ನಲ್ಲಿ ಎರಕ ಹೊಯ್ಯಿರಿ. ರೆಸಿನ್ ಕೆಲಸಕ್ಕೆ ಗಾಳಿಯಾಡುವ ಜಾಗ, ಕೈಗವಸು ಬೇಕೇ ಬೇಕು.

ಒಡಲಿನ ಉದ್ದ 138.7 ಮೀಟರ್, ಅಂದರೆ ಮಾದರಿಯಲ್ಲಿ 396 ಮಿ.ಮೀ. ಇದು ವಿಕ್ಟರಿ ಸರಕು ಹಡಗಿನದೇ ಒಡಲು, ಹಾಗಾಗಿ ಆ ನಕ್ಷೆಗಳೇ ಸಾಕು. ಮರದ ಪದರಗಳನ್ನು ಅಂಟಿಸಿ, ರಟ್ಟಿನ ಟೆಂಪ್ಲೇಟ್ ಹಿಡಿದು ಉಜ್ಜುತ್ತಾ ಬನ್ನಿ. ಎಡಬಲ ಎರಡೂ ಕಡೆಗೆ ಅದೇ ಟೆಂಪ್ಲೇಟ್ ತಿರುಗಿಸಿ ಹಿಡಿಯಿರಿ.

ಉಕ್ಕಿನ ತಗಡಿನ ಸಾಲು ತೋರಿಸಲು ಪ್ಲಾಸ್ಟಿಕ್ ಹಾಳೆ ಅಂಟಿಸಬೇಡಿ. 25 ಮಿ.ಮೀ. ತಗಡು ಈ ಅಳತೆಯಲ್ಲಿ ಬರೀ 0.07 ಮಿ.ಮೀ. ಟೇಪ್ ಹಚ್ಚಿ ಒಂದೆರಡು ಪದರ ಪ್ರೈಮರ್ ಹೊಡೆದು ಟೇಪ್ ಕಿತ್ತರೆ ಉಳಿಯುವ ಅಂಚೇ ಧಾರಾಳ.