ಐದು ತಂತಿಯ ಕಾಂತೆಲೆಯನ್ನು ಕೇಳಲು ಕಲಿತ ಬಗೆ

ಫಿನ್ಲೆಂಡಿನ ಜನಪದ ವಾದ್ಯವಾದ ಕಾಂತೆಲೆಯ ಧ್ವನಿಮುದ್ರಣಗಳನ್ನು ನಾನು ಹಲವು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿಗೆ ಈ ವಾದ್ಯ ಮೊದಲಿಗೆ ತೀರ ಬರಿದೆನಿಸಬಹುದು. ಇದರಲ್ಲಿ ಗಮಕವಿಲ್ಲ, ಹಳೆಯ ಮಾದರಿಯಲ್ಲಿ ಪಂಚಮದಿಂದ ಮೇಲಕ್ಕೆ ಸ್ವರವೇ ಇಲ್ಲ, ಅದೇ ಪುಟ್ಟ ಧಾಟಿ ಮತ್ತೆ ಮತ್ತೆ ಬರುತ್ತದೆ. ಆದರೆ ಇದರ ಸೊಗಸು ಧಾಟಿಗಿಂತ ಹೆಚ್ಚಾಗಿ, ಮೀಟಿದ ಬೆರಳು ಸರಿದ ಮೇಲೆ ತಂತಿಯಲ್ಲಿ ಉಳಿಯುವ ನಾದದಲ್ಲಿದೆ. ಆ ನಾದಕ್ಕೆ ಕಿವಿಯನ್ನು ಒಗ್ಗಿಸಿಕೊಳ್ಳಲು ನಾನು ಮಾಡಿದ್ದನ್ನು ಇಲ್ಲಿ ವಿವರಿಸುತ್ತೇನೆ.

ಕಾಂತೆಲೆಯೆಂದು ಹುಡುಕಿದವರಿಗೆ ಮೊದಲು ಸಿಗುವುದು ಹೆಚ್ಚಾಗಿ ಕಛೇರಿಯ ಕಾಂತೆಲೆ. ಪೌಲ್ ಸಾಲ್ಮಿನೆನ್ 1920ರ ದಶಕದಲ್ಲಿ ಶ್ರುತಿ ಬದಲಿಸುವ ಸನ್ನೆಕೋಲುಗಳ ವ್ಯವಸ್ಥೆಯನ್ನು ಅಳವಡಿಸಿ ರೂಪಿಸಿದ ಈ ದೊಡ್ಡ ವಾದ್ಯದಲ್ಲಿ ನಲವತ್ತರ ಸಮೀಪ ತಂತಿಗಳಿರುತ್ತವೆ. ಅದು ಸುಂದರವಾದ ವಾದ್ಯವೇ ಆದರೂ ನಾನು ಆರಂಭಕ್ಕೆ ಅದನ್ನು ಬದಿಗಿಟ್ಟು, ಒಂದೇ ಮರದ ತುಂಡನ್ನು ಕೊರೆದು ಮಾಡಿದ ಐದು ತಂತಿಯ ಪುಟ್ಟ ಕಾಂತೆಲೆಯನ್ನೇ ಹಿಡಿದುಕೊಂಡೆ. ಅದರ ತಂತಿಗಳು ಸ, ರಿ, ಗ, ಮ, ಪ ಎಂಬ ಕ್ರಮದಲ್ಲಿರುತ್ತವೆ. ಗಾಂಧಾರವನ್ನು ಹಳೆಯ ವಾದಕರು ಒಂದೇ ಕಡೆ ನಿಲ್ಲಿಸುತ್ತಿರಲಿಲ್ಲ. ಅದು ಕೆಲವೊಮ್ಮೆ ನಮ್ಮ ತಗ್ಗಿನ ‘ಸಾಧಾರಣ’ ಗಾಂಧಾರಕ್ಕೂ ಎತ್ತರದ ‘ಅಂತರ’ ಗಾಂಧಾರಕ್ಕೂ ನಡುವೆ ಇರುತ್ತಿತ್ತು. ಈ ನಡುವಿನ ಗಾಂಧಾರವನ್ನು ಅಪಸ್ವರವೆಂದು ತಳ್ಳಿಹಾಕದೆ ಕೇಳುವುದಕ್ಕೆ ಸ್ವಲ್ಪ ತಾಳ್ಮೆ ಬೇಕು.

ವಾದ್ಯದ ರಚನೆಯನ್ನು ಅರಿತ ಮೇಲೆ ನನ್ನ ಕೇಳ್ಮೆ ನಿಜವಾಗಿ ಬದಲಾಯಿತು. ತಂಬೂರಿಯ ನಾದ ತುಂಬಿ ಬರುವುದು ತಂತಿಗಳನ್ನು ಹೊರುವ ಅಗಲವಾದ ಕುದುರೆಯಿಂದ ಮತ್ತು ಅದರ ಮೇಲೆ ತಂತಿಯ ಅಡಿಗೆ ಸೇರಿಸುವ ನೂಲಿನಿಂದ. ಸಾಂಪ್ರದಾಯಿಕ ಪುಟ್ಟ ಕಾಂತೆಲೆಯಲ್ಲಿ ಕುದುರೆಯೇ ಇಲ್ಲ. ತಂತಿಯ ಒಂದು ತುದಿಯನ್ನು ಲೋಹದ ಸರಳೊಂದಕ್ಕೆ ಸುತ್ತಿ ಗಂಟು ಹಾಕಿರುತ್ತಾರೆ. ಇನ್ನೊಂದು ತುದಿ ನೇರವಾಗಿ ಮರದ ಬಿರಡೆಗೆ ಹೋಗುತ್ತದೆ. ಆ ಗಂಟಿನ ಕಾರಣದಿಂದ ತಂತಿ ಮೇಲೆ ಕೆಳಗೆ ಕಂಪಿಸುವಾಗ ಒಂದು ಉದ್ದ, ಅಕ್ಕಪಕ್ಕಕ್ಕೆ ಕಂಪಿಸುವಾಗ ಕೊಂಚ ಬೇರೆಯದೇ ಉದ್ದ ಏರ್ಪಡುತ್ತದೆ. ಹೀಗೆ ಒಂದೇ ತಂತಿಯಲ್ಲಿ ಹುಟ್ಟುವ, ಕೂದಲೆಳೆಯಷ್ಟು ಬೇರೆಯಾದ ಎರಡು ಶ್ರುತಿಗಳು ಒಂದಕ್ಕೊಂದು ತಾಗಿ, ನಾದ ನಿಧಾನವಾಗಿ ಉಬ್ಬಿ ಇಳಿಯುವ ಅಲೆಯಾಗುತ್ತದೆ. ಇದರ ಜೊತೆಗೆ ತಂತಿಯ ಬಿಗಿತದಲ್ಲಿ ಆಗುವ ಏರಿಳಿತವೂ ಮರಕ್ಕೆ ದಾಟಿ, ಪ್ರತಿ ಸ್ವರದ ಮೇಲಿನ ಸ್ಥಾಯಿಯ ಸ್ವರ ಎದ್ದು ಕೇಳುತ್ತದೆ. ಹೆಲ್ಸಿಂಕಿಯ ಧ್ವನಿವಿಜ್ಞಾನಿಗಳು 1990ರ ದಶಕದಲ್ಲಿ ಇದನ್ನು ಅಳೆದು ವಿವರಿಸಿದ್ದಾರೆ.

ಇದನ್ನು ಓದಿ ಬಿಡುವುದಕ್ಕಿಂತ ಕೈಯಾರೆ ಪರೀಕ್ಷಿಸಬೇಕೆನಿಸಿ, ಮನೆಯಲ್ಲಿದ್ದ ಸ್ವರಮಂಡಲವನ್ನು ಎತ್ತಿಕೊಂಡೆ. ಅಕ್ಕಪಕ್ಕದ ಐದು ತಂತಿಗಳನ್ನು ಸರಿಗಮಪಕ್ಕೆ ಕೂಡಿಸಿ, ಶ್ರುತಿಮಾಪಕವನ್ನು ನೋಡಿಕೊಂಡು ಗಾಂಧಾರವನ್ನು ಷಡ್ಜದಿಂದ ಸುಮಾರು 350 ಸೆಂಟ್ (ಒಂದು ಸ್ಥಾಯಿಗೆ 1200 ಸೆಂಟ್) ಎತ್ತರದಲ್ಲಿ ನಿಲ್ಲಿಸಿ, ಉಳಿದ ತಂತಿಗಳ ಮೇಲೆ ಮಡಚಿದ ಬಟ್ಟೆಯೊಂದನ್ನು ಹಾಸಿದೆ. ಧ್ವನಿಮುದ್ರಣದ ಜೊತೆಯಲ್ಲಿ ಇದನ್ನು ಮೀಟಿದಾಗ ಸ್ವರಗಳು ಹೊಂದಿಕೊಂಡವು, ನಾದ ಮಾತ್ರ ಹೊಂದಲಿಲ್ಲ. ಸ್ವರಮಂಡಲದ ತಂತಿ ಎರಡೂ ಕಡೆ ಕುದುರೆಯ ಮೇಲೆ ಕೂರುವುದರಿಂದ ಅದರ ನಾದ ನೇರವಾಗಿ ಇಳಿದು ಆರಿಹೋಗುತ್ತಿತ್ತು. ಕಾಂತೆಲೆಯ ನಾದ ಅದಾದ ಮೇಲೂ ಅಲೆಯುತ್ತಲೇ ಇತ್ತು. ಎರಡನ್ನೂ ಒಂದರ ಹಿಂದೊಂದು ಕೇಳಿದ ಮೇಲೆ ಆ ಅಲೆಯನ್ನು ಗುರುತಿಸಲು ಯಾವ ವಿವರಣೆಯೂ ಬೇಕಾಗಲಿಲ್ಲ. ವಾದ್ಯದ ಸದ್ದು ಸಹಜವಾಗಿಯೇ ಚಿಕ್ಕದು. ಆದ್ದರಿಂದ ಹೆಡ್‌ಫೋನ್ ಹಾಕಿಕೊಂಡು, ಸದ್ದನ್ನು ಏರಿಸದೆ ಕೇಳುವುದೇ ಲೇಸು.

ಹಳೆಯ ದಾಖಲೆಗಳನ್ನು ನಾನು ತಲುಪಿದ್ದು ಇಷ್ಟೆಲ್ಲ ಆದ ಮೇಲೆ. ಆರ್ಮಸ್ ಓಟೊ ವೈಸಾನೆನ್ ಅವರು 1916 ಮತ್ತು 1917ರಲ್ಲಿ ಆಗ ಫಿನ್ಲೆಂಡಿನ ಪೂರ್ವದ ಗಡಿನಾಡಾಗಿದ್ದ ಕರೇಲಿಯದ ಹಳ್ಳಿಗಳಲ್ಲಿ ತಿರುಗಾಡಿ ಕಾಂತೆಲೆ ವಾದಕರ ಧಾಟಿಗಳನ್ನು ಸಂಗ್ರಹಿಸಿ, 1928ರಲ್ಲಿ ಅವುಗಳ ಸ್ವರಲಿಪಿಯನ್ನು ಪ್ರಕಟಿಸಿದರು. ಸುಯಿಸ್ತಾಮೊ ಪ್ರದೇಶದ ಅಂಧ ವಾದಕ ತೆಪ್ಪಾನಾ ಯಾನಿಸ್ ಅವರ ನುಡಿಸಾಣಿಕೆ ಹಳೆಯ ಕಾಲದ ಧ್ವನಿಮುದ್ರಣ ಸಾಧನವಾದ ಮೇಣದ ಸಿಲಿಂಡರಿನಲ್ಲಿ ಉಳಿದಿದೆ. ಆ ಸಿಲಿಂಡರುಗಳ ಕರಕರ ಸದ್ದಿನ ಹಿಂದೆ ಇಷ್ಟು ಮೆಲುದನಿಯ ವಾದ್ಯವನ್ನು ಹುಡುಕುವುದು ಸುಲಭವಲ್ಲ. ಅದಕ್ಕಾಗಿ ನಾನು ಮೊದಲು, ಈ ಹಳೆಯ ಶೈಲಿಯನ್ನು ಆಳವಾಗಿ ಅಭ್ಯಾಸ ಮಾಡಿರುವ ಆರ್ಯಾ ಕಾಸ್ತಿನೆನ್ ಅವರ ಇತ್ತೀಚಿನ ಮುದ್ರಣಗಳನ್ನು ಕೇಳಿ, ಅನಂತರ ಹಿಂದಕ್ಕೆ ಹೋದೆ. ಎರಡೂ ಕೈಗಳ ಬೆರಳುಗಳನ್ನು ಒಂದರ ನಡುವೆ ಒಂದು ಹೆಣೆದು, ಐದು ತಂತಿಗೆ ಐದು ಬೆರಳನ್ನು ಮೀಸಲಿಡುವುದು ಈ ಶೈಲಿಯ ಕ್ರಮ. ಮುದ್ರಣದ ವೇಗವನ್ನು ಅರ್ಧಕ್ಕೆ ಇಳಿಸಿದಾಗ ಇದರ ಫಲ ಸ್ಪಷ್ಟವಾಗುತ್ತದೆ: ಮೀಟಿದ ತಂತಿಯನ್ನು ಯಾರೂ ತಡೆಯುವುದಿಲ್ಲ, ಹಿಂದಿನ ಸ್ವರ ಇನ್ನೂ ನುಡಿಯುತ್ತಿರುವಾಗಲೇ ಮುಂದಿನದು ಬಂದು ಸೇರುತ್ತದೆ, ಮತ್ತು ಪ್ರತಿ ಆವರ್ತದಲ್ಲೂ ಒಂದೆರಡು ಸ್ವರಗಳು ಸ್ಥಾನ ಬದಲಿಸಿರುತ್ತವೆ.

ಎಲಿಯಾಸ್ ಲೊನ್‌ರೂತ್ 1835ರಲ್ಲಿ ಪ್ರಕಟಿಸಿ 1849ರಲ್ಲಿ ವಿಸ್ತರಿಸಿದ ಫಿನ್ಲೆಂಡಿನ ಕಾಲೆವಾಲ ಮಹಾಕಾವ್ಯದಲ್ಲಿ ಕಥಾನಾಯಕ ವೈನಾಮೊಯಿನೆನ್ ದೊಡ್ಡ ಮೀನೊಂದರ ದವಡೆಯ ಎಲುಬಿನಿಂದ ಕಾಂತೆಲೆ ಮಾಡುತ್ತಾನೆ. ಆ ಕಥೆಯ ಗಾಂಭೀರ್ಯವನ್ನೇ ನಿರೀಕ್ಷಿಸಿ ಹೋದವರಿಗೆ ಯಾನಿಸ್ ಅವರ ಧಾಟಿಗಳಲ್ಲಿ ಸಿಗುವುದು ಹೆಚ್ಚಾಗಿ ಕುಣಿತದ ಲಯ. ನನಗಂತೂ ಇದು ಹೆಚ್ಚು ಪ್ರಿಯವಾಯಿತು. ಕಾವ್ಯದ ಮೂಲವಾದ ಹಾಡುಗಳ ನಡೆಯನ್ನು ತಿಳಿಯಬೇಕೆಂದಾಗ ನಮ್ಮ ಛಂದಸ್ಸಿನ ಲೆಕ್ಕವೇ ನೆರವಾಯಿತು. ಸಾಲಿಗೆ ಎಂಟು ಅಕ್ಷರಗಳು. ಬಹಳ ಹಾಡುಗಳಲ್ಲಿ ಮೊದಲ ಆರು ಗಿಡ್ಡ, ಕೊನೆಯ ಎರಡು ನೀಳ. ಒಟ್ಟು ಹತ್ತು ಮಾತ್ರೆ. ಕೈಯಲ್ಲಿ ಐದು ಎಣಿಕೆಯ ತಾಳ ಹಾಕಿಕೊಂಡು ಕೇಳಿದರೆ ಸಾಲಿನ ಕೊನೆಯ ಎರಡು ನೀಳ ಅಕ್ಷರಗಳಲ್ಲಿ ತಂತಿಗೆ ದೊರೆಯುವ ಬಿಡುವು ಗೊತ್ತಾಗುತ್ತದೆ.

1983ರಲ್ಲಿ ಹೆಲ್ಸಿಂಕಿಯ ಸಂಗೀತ ವಿದ್ಯಾಲಯವಾದ ಸಿಬೆಲಿಯಸ್ ಅಕಾಡೆಮಿಯಲ್ಲಿ ಜನಪದ ಸಂಗೀತ ವಿಭಾಗ ಆರಂಭವಾದ ಮೇಲೆ ಹಳೆಯ ಶೈಲಿಗಳಲ್ಲಿ ನುಡಿಸುವ ಹೊಸ ತಲೆಮಾರು ಬೆಳೆದಿದೆ. ಈಚೆಗೆ ನಾನು ಹೆಚ್ಚು ಕೇಳುತ್ತಿರುವುದು ಮಧ್ಯ ಫಿನ್ಲೆಂಡಿನ ಸಾರಿಯಾರ್ವಿ ಊರಿನ ಶೈಲಿಯನ್ನು. ಮಾಯಾ ಕೌಹಾನೆನ್ ಈ ಶೈಲಿಯಲ್ಲಿ ಕಾಂತೆಲೆ ನುಡಿಸುತ್ತಾ ಹಾಡುತ್ತಾರೆ. ಇದರಲ್ಲಿ ಒಂದು ಕೈ ಪುಟ್ಟ ಕಡ್ಡಿಯಿಂದ ತಂತಿಗಳನ್ನು ಸವರಿ ಬಾರಿಸಿದರೆ, ಇನ್ನೊಂದು ಕೈ ಬೇಡದ ತಂತಿಗಳನ್ನು ಒತ್ತಿ ಮೌನವಾಗಿಸುತ್ತದೆ. ಕರೇಲಿಯದ ಶೈಲಿಯಲ್ಲಿ ಉಳಿದ ನಾದವನ್ನು ಹಿಂಬಾಲಿಸಿದ ನಾನು, ಇಲ್ಲಿ ಪ್ರತಿ ಏಟಿಗೂ ಯಾವ ತಂತಿಗಳು ತಡೆಯಲ್ಪಟ್ಟವು ಎಂಬುದಕ್ಕೆ ಕಿವಿಗೊಡುತ್ತಿದ್ದೇನೆ.