ತ್ಸುಗ್‌ಶ್ಪಿಟ್ಸೆ ಹತ್ತುವಾಗ ನೀರಿನ ಲೆಕ್ಕ

ಜರ್ಮನಿಯ ಅತಿ ಎತ್ತರದ ಶಿಖರ ತ್ಸುಗ್‌ಶ್ಪಿಟ್ಸೆಗೆ (2,962 ಮೀಟರ್) ನಾನು ಹಿಡಿಯುವುದು ರೈನ್‌ಟಾಲ್ ಕಣಿವೆಯ ದಾರಿ. ಗಾರ್ಮಿಶ್‌ನ ಸ್ಕೀ ಸ್ಟೇಡಿಯಂನಿಂದ ತುದಿಗೆ ಸುಮಾರು 21 ಕಿ.ಮೀ., ಏರು 2,200 ಮೀಟರ್. ಒಂದೇ ದಿನಕ್ಕೆ ಮುಗಿಸಹೊರಟರೆ 9–10 ಗಂಟೆ ಬೇಕು. ಎರಡು ದಿನ ಇಟ್ಟುಕೊಂಡು, 1,369 ಮೀಟರ್‌ನಲ್ಲಿರುವ ರೈನ್‌ಟಾಲಾಂಗರ್ ತಂಗುಮನೆಯಲ್ಲಿ ಮಲಗುವುದೇ ವಾಸಿ. ಜಾಗ ಮೊದಲೇ ಕಾದಿರಿಸಿ.

ಪಶ್ಚಿಮ ಘಟ್ಟ ಸುತ್ತಿದವರಿಗೆ ಮೇಲೆ ಎಲ್ಲೋ ಒಂದು ಹಳ್ಳ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯವಿರುತ್ತದೆ. ಇಲ್ಲಿ ಆ ಧೈರ್ಯ ಬೇಡ. ಬೆಟ್ಟವಿಡೀ ಸುಣ್ಣಕಲ್ಲು. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲವಾಗುತ್ತದೆ, ಬಿರುಕುಗಳಲ್ಲಿಳಿದು ಕಲ್ಲನ್ನೇ ಕರಗಿಸುತ್ತದೆ. ಮೇಲಿನ ಪ್ಲಾಟ್ ಎಂಬ ಬಟ್ಟಲಿನಂಥ ಬಯಲಲ್ಲಿ ಬಿದ್ದ ಮಳೆ, ಕರಗಿದ ಹಿಮ ಎಲ್ಲವೂ ಹೀಗೆ ಒಳಗಿಳಿದು, ತಂಗುಮನೆಗಿಂತ ಸ್ವಲ್ಪ ಮೇಲೆ ಪಾರ್ಟ್‌ನಾಖ್ ನದಿಯ ಮೂಲವಾಗಿ ಬಂಡೆಯಡಿಯಿಂದ ಭೋರೆಂದು ಹೊರಬರುತ್ತದೆ. ಆ ಜಾಗವನ್ನು ತಪ್ಪದೆ ನೋಡಿ. ಈ ಬೆಟ್ಟ ಅರ್ಥವಾಗುವುದೇ ಅಲ್ಲಿ. ಕಲ್ಲಿನ ಸಂದಿಗಳು ನೀರನ್ನು ಸೋಸುವುದಿಲ್ಲ, ಹಾಗಾಗಿ ಮೇಲೆ ಜೋರು ಮಳೆ ಬಂದರೆ ಇಲ್ಲಿನ ನೀರು ಬೇಗ ಕದಡುತ್ತದೆ. ಅದನ್ನು ಕುಡಿಯಬೇಡಿ, ತಂಗುಮನೆಯಲ್ಲೇ ತುಂಬಿಸಿಕೊಳ್ಳಿ. ಒಬ್ಬರಿಗೆ 3 ಲೀಟರ್. 2,051 ಮೀಟರ್‌ನ ಕ್ನೋರ್ ತಂಗುಮನೆಯಲ್ಲಿ ದುಡ್ಡು ಕೊಟ್ಟು ಇನ್ನೊಮ್ಮೆ ತುಂಬಿಸಬಹುದು, ಅಲ್ಲಿಂದಾಚೆ ಒಣಕಲ್ಲು.

ಪ್ಲಾಟ್ ಮೇಲೆ ಕೂತು ಕಲ್ಲನ್ನು ಸವರಿ ನೋಡಿ: ಬೆರಳು ಹಿಡಿಯುವಷ್ಟು ಅಗಲದ ಗೀರುಗಳು ಇಳಿಜಾರಿನುದ್ದಕ್ಕೂ, ನಡುವಿನ ಏಣುಗಳು ಕತ್ತಿಯಂತೆ. ಮುಗ್ಗರಿಸಿದರೆ ಅಂಗೈ ಸೀಳುತ್ತದೆ, ತೆಳು ಅಟ್ಟೆಯ ಷೂ ಬಾಳುವುದಿಲ್ಲ. ಜೂನ್‌ನಲ್ಲಿ ಈ ಗೀರು, ಗುಂಡಿಗಳ ಮೇಲೆ ಹಿಮ ಮುಚ್ಚಿರುತ್ತದೆ. ಹೆಜ್ಜೆಯಿಟ್ಟಲ್ಲಿ ಕುಸಿಯುವುದು ಆಗಲೇ. ಹಾಗಾಗಿ ನಾನು ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹೋಗುತ್ತೇನೆ, ಬಣ್ಣದ ಗುರುತು ಬಿಟ್ಟು ಅಡ್ಡದಾರಿ ಹಿಡಿಯುವುದಿಲ್ಲ. ಇಲ್ಲಿನ ದಕ್ಷಿಣ ಷ್ನೇಫರ್ನರ್ ಕರಗಿ ಕರಗಿ, 2022ರಲ್ಲಿ ಹಿಮನದಿಗಳ ಪಟ್ಟಿಯಿಂದಲೇ ಹೊರಬಿತ್ತು. ನೋಡಿದರೆ ಸಂಕಟವಾಗುತ್ತದೆ.

ಕೊನೆಯ 400 ಮೀಟರ್ ಏರು ಸಡಿಲ ಜಲ್ಲಿ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತದೆ, ಮುಂದಿನವರ ಕಾಲಿನ ಕಲ್ಲು ಹಿಂದಿನವರ ತಲೆಗೆ. ಹೆಲ್ಮೆಟ್ ಹಾಕಿ, ಅಂತರ ಬಿಡಿ. ಮೇಲ್ಗಡೆ ಉಕ್ಕಿನ ಹಗ್ಗ ಬಿಗಿದಿದ್ದಾರೆ. ಗುಡುಗು ಕೇಳಿದರೆ ಅದನ್ನು ಮುಟ್ಟಬಾರದು. ಬೇಸಿಗೆಯ ಸಿಡಿಲು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಆದ್ದರಿಂದ ರೈನ್‌ಟಾಲಾಂಗರ್ ತಂಗುಮನೆಯಿಂದ ಬೆಳಿಗ್ಗೆ 6ಕ್ಕೆ ಹೊರಟು 12ರೊಳಗೆ ತುದಿ ಮುಟ್ಟಬೇಕು. ಇಳಿಯಲು ಹಲ್ಲುಗಾಲಿ ರೈಲೋ ಐಬ್‌ಸೇ ಸರೋವರದ ಕಡೆಯ ಕೇಬಲ್ ಕಾರೋ ಹಿಡಿಯಿರಿ. ಕೊನೆಯ ಗಾಡಿ ಸಂಜೆಗೂ ಮುಂಚೆಯೇ ಹೊರಡುತ್ತದೆ, ಸಮಯವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.