ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ಸಾಫ್ಟ್‌ವೇರ್ ಆರಿಸಿದ್ದು

ಪಿಎಚ್‌ಡಿಗೆ ಹೊಸದಾಗಿ ಸೇರಿದವರು ಕೇಳುವುದು ಒಂದೇ: "ಮೇಡಂ, ಮ್ಯಾಟ್‌ಲ್ಯಾಬ್ ಕಲೀಲಾ, ಮೇಪಲ್ ಕಲೀಲಾ, ಪೈಥಾನ್ ಸಾಕಾ?" ನಾನು ತಿರುಗಿಸಿ ಕೇಳುತ್ತೇನೆ: "ನಿನ್ನ ಸಮೀಕರಣ ಯಾವುದಪ್ಪ?" ಅದು ಗೊತ್ತಾಗುವವರೆಗೆ ಸಾಫ್ಟ್‌ವೇರ್ ಮಾತು ಎತ್ತಿ ಪ್ರಯೋಜನವಿಲ್ಲ.

ನನ್ನದು ಗಡಿಪದರದ, ಅಂದರೆ ಹರಿಯುವ ದ್ರವದಲ್ಲಿ ಗೋಡೆಗೆ ತಾಗಿದ ತೆಳು ಪದರದ ಕೆಲಸ. ನಮ್ಮ ಕರ್ನಾಟಕದ ಗಣಿತ ವಿಭಾಗಗಳಲ್ಲಿ ಬಹಳ ಮಂದಿ ಮಾಡುವುದು ಇದನ್ನೇ. ಹಾಳೆಯೊಂದರ ಮೇಲೆ ದ್ರವ ಹರಿಯುತ್ತದೆ. ಆಂಶಿಕ ಅವಕಲ ಸಮೀಕರಣಗಳನ್ನು ಗೋಡೆಯಿಂದ ದೂರ ಹೇಳುವ ಈಟಾ ಎಂಬ ಒಂದೇ ಚರಕ್ಕೆ ಇಳಿಸಿದರೆ ಸಾಮಾನ್ಯ ಅವಕಲ ಸಮೀಕರಣಗಳು ಸಿಗುತ್ತವೆ. ಕೆಲವು ಷರತ್ತು ಗೋಡೆಯ (ಅಂದರೆ ಆ ಹಾಳೆಯ) ಹತ್ತಿರ, ಉಳಿದದ್ದು ಅನಂತದಲ್ಲಿ. ಹಾಗಾಗಿ ನನಗೆ ಬೇಕಿದ್ದದ್ದು ಎರಡೂ ತುದಿಯ ಷರತ್ತುಗಳನ್ನು ಒಟ್ಟಿಗೆ ಸಂಭಾಳಿಸುವ ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಂ. ಇಷ್ಟು ಗೊತ್ತಾದ ಮೇಲೆ ಪಟ್ಟಿ ತಾನಾಗಿಯೇ ಚಿಕ್ಕದಾಯಿತು. ಮ್ಯಾಟ್‌ಲ್ಯಾಬ್‌ನಲ್ಲಿ ಬಿವಿಪಿ4ಸಿ ಇದೆ, ಮೇಪಲ್‌ನಲ್ಲಿ ಡಿಸಾಲ್ವ್, ಪೈಥಾನ್‌ನ ಸೈಪೈಯಲ್ಲಿ ಸಾಲ್ವ್_ಬಿವಿಪಿ, ಸೈಲ್ಯಾಬ್‌ನಲ್ಲಿ ಬಿವಿಓಡಿಇ. ಆಕ್ಟೇವ್ ಪುಕ್ಕಟೆಯಾಗಿ ಸಿಗುತ್ತದೆ, ಮ್ಯಾಟ್‌ಲ್ಯಾಬ್ ಕೋಡನ್ನು ಬಹುಪಾಲು ಹಾಗೆಯೇ ಓಡಿಸುತ್ತದೆ. ಆದರೆ ನನಗೆ ಬೇಕಿದ್ದ ಬಿವಿಪಿ4ಸಿ ಅದರಲ್ಲಿ ಸಿಗಲಿಲ್ಲ.

ಆಮೇಲೆ ನಾನು ಮಾಡಿದ್ದು, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಒಂದೊಂದಕ್ಕೂ ಕೊಟ್ಟು ನೋಡಿದ್ದು. ಮೊದಲನೆಯದು ಬ್ಲಾಸಿಯಸ್ 1908ರಲ್ಲಿ ಬಿಡಿಸಿದ ಚಪ್ಪಟೆ ತಟ್ಟೆಯ ಲೆಕ್ಕ. ಅಲ್ಲಿ ಗೋಡೆಯ ಘರ್ಷಣೆ ಹೇಳುವ ಸಂಖ್ಯೆ, ಅಂದರೆ ಈಟಾ ಸೊನ್ನೆಯಾದಾಗ ಎಫ್‌ನ (ಇದರ ಮೊದಲ ಅವಕಲನವೇ ವೇಗ) ಎರಡನೇ ಅವಕಲನದ ಬೆಲೆ, 0.33206 ಬರಬೇಕು. ಎರಡನೆಯದು ಕ್ರೇನ್ 1970ರಲ್ಲಿ ಕೊಟ್ಟ ಹಿಗ್ಗುವ ಹಾಳೆಯ ಲೆಕ್ಕ. ಅದಕ್ಕೆ ಪೆನ್ನು ಕಾಗದದಲ್ಲೇ ನಿಖರ ಉತ್ತರ ಇದೆ, ಅದೇ ಬೆಲೆ ಸರಿಯಾಗಿ ಮೈನಸ್ 1. ನಾನು ಓಡಿಸಿದ ಎಲ್ಲವೂ ಈ ಎರಡನ್ನೂ ಪಾಸು ಮಾಡಿದವು. ಅಲ್ಲಿಗೇ ನಿಂತಿದ್ದರೆ ಯಾವುದನ್ನು ಆರಿಸಿದ್ದರೂ ನಡೆಯುತ್ತಿತ್ತು.

ಮೂರನೆಯ ಲೆಕ್ಕದಲ್ಲಿ ಮಜಾ ಇತ್ತು. ಹಾಳೆ ಹಿಗ್ಗುವ ಬದಲು ಕುಗ್ಗುತ್ತದೆ, ಗೋಡೆ ದ್ರವವನ್ನು ಒಳಕ್ಕೆ ಹೀರುತ್ತದೆ. ಹೀರಿಕೆಯ ಬೆಲೆ ಎಸ್ ಅಂದುಕೊಂಡರೆ ಇಡೀ ಸಮಸ್ಯೆ ಒಂದು ವರ್ಗ ಸಮೀಕರಣಕ್ಕೆ ಬಂದು ನಿಲ್ಲುತ್ತದೆ: ಎ ವರ್ಗ ಕಳೆ ಎಸ್ಎ ಕೂಡು 1 ಸಮ ಸೊನ್ನೆ. ಗೋಡೆಯ ಬಳಿ ಎಫ್‌ನ ಎರಡನೇ ಅವಕಲನದ ಬೆಲೆಯೇ ಎ. ಎಸ್ 2.5 ಆದಾಗ ಎ 2 ಆಗಬಹುದು, 0.5 ಕೂಡ ಆಗಬಹುದು. ಎರಡೂ ಸರಿಯಾದ ಗಣಿತದ ಉತ್ತರಗಳೇ. ಸಾಲ್ವರ್‌ಗೆ ಇ ಘಾತ ಮೈನಸ್ 2 ಈಟಾದಂಥ ಆರಂಭದ ಊಹೆ ಕೊಟ್ಟೆ, 2 ಬಂತು. ಇ ಘಾತ ಮೈನಸ್ ಅರ್ಧ ಈಟಾದಂಥದ್ದು ಕೊಟ್ಟೆ, 0.5 ಬಂತು. ಎರಡು ಸಲವೂ ಇನ್ನೊಂದು ಉತ್ತರ ಇದೆ ಎಂಬ ಸುಳಿವನ್ನು ಸಾಲ್ವರ್ ಕೊಡಲಿಲ್ಲ. ಕೊಡುವುದೂ ಇಲ್ಲ, ಅದು ಅದರ ಕೆಲಸವಲ್ಲ. ಅನಂತ ಎಂದು ಈಟಾ 5ಕ್ಕೆ ಕತ್ತರಿಸುವ ಅಭ್ಯಾಸ ಇರುವವರು ಇಲ್ಲಿ ಎಚ್ಚರವಾಗಿರಬೇಕು. 0.5ರ ಉತ್ತರದಲ್ಲಿ ವೇಗ ನಿಧಾನವಾಗಿ ಸಾಯುತ್ತದೆ, 5ರಲ್ಲಿ ಇನ್ನೂ ಶೇಕಡ 8ರಷ್ಟು ಉಳಿದಿರುತ್ತದೆ. ಅಲ್ಲಿ ಬಲವಂತವಾಗಿ ಸೊನ್ನೆ ಮಾಡಿದರೆ ಗೋಡೆಯ ಬಳಿಯ ಸಂಖ್ಯೆಯೂ ಕೆಡುತ್ತದೆ. ನಾನು 20ರವರೆಗೆ ಎಳೆಯುತ್ತೇನೆ.

ಹಾಗಾಗಿ ನನಗೆ ಮುಖ್ಯವಾದದ್ದು ವೇಗವಲ್ಲ, ಚೆಂದದ ಕಿಟಕಿಯೂ ಅಲ್ಲ. ಊಹೆ, ಕತ್ತರಿಸುವ ಜಾಗ, ದೋಷದ ಮಿತಿ ಈ ಮೂರನ್ನೂ ಲೂಪಿನಲ್ಲಿ ಹಾಕಿ ಬದಲಿಸುತ್ತಾ ಹೋಗುವುದು ಎಷ್ಟು ಸಲೀಸು ಎನ್ನುವುದು. ಮೇಪಲ್ ಇಲ್ಲಿ ನನ್ನ ಕೈಗೆ ಒಗ್ಗಲಿಲ್ಲ. ನ್ಯೂಟನ್ ಹೆಜ್ಜೆ ಒಮ್ಮುಖವಾಗುತ್ತಿಲ್ಲ (ಉತ್ತರದ ಹತ್ತಿರ ಬರುತ್ತಿಲ್ಲ) ಎಂದು ನಿಂತುಬಿಟ್ಟಾಗಲೆಲ್ಲ ಕೂತು ಓಲೈಸಬೇಕಿತ್ತು. ನಮ್ಮ ಗೈಡ್ ಮಾತ್ರ "ಅದರಲ್ಲೇ ಮಾಡಮ್ಮ, ಎಲ್ಲರೂ ಮಾಡ್ತಾರೆ" ಅನ್ನುತ್ತಿದ್ದರು. ಅವರ ಕೈಗೆ ಅದು ಚೆನ್ನಾಗಿ ಪಳಗಿತ್ತು. ಮ್ಯಾಟ್‌ಲ್ಯಾಬ್ ಮತ್ತು ಸೈಪೈ ನಡುವೆ ಉತ್ತರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಎರಡರ ಹಿಂದೆಯೂ ಒಂದೇ ಬಗೆಯ ನಾಲ್ಕನೇ ದರ್ಜೆಯ ಕೊಲೊಕೇಶನ್ ವಿಧಾನ, ಅಂದರೆ ಆಯ್ದ ಬಿಂದುಗಳಲ್ಲಿ ಸಮೀಕರಣ ತಾಳೆಯಾಗುವಂತೆ ಮಾಡುವುದು. ಕೊನೆಗೆ ಸೈಪೈ ಹಿಡಿದದ್ದು ಲೈಸೆನ್ಸ್ ಕಾರಣಕ್ಕೆ. ಮ್ಯಾಟ್‌ಲ್ಯಾಬ್ ಇದ್ದದ್ದು ವಿಭಾಗದ ಲ್ಯಾಬಿನಲ್ಲಿ. ಥೀಸಿಸ್ ಕೊಟ್ಟ ಮೇಲೆ ಪರೀಕ್ಷಕರು ಇನ್ನೊಂದು ಬೆಲೆಗೆ ಗ್ರಾಫ್ ಕೇಳಿದರೆ ಮನೆಯಲ್ಲಿ ಕೂತು ಮಾಡಿಕೊಡುವಂತಿರಬೇಕು.

ಸೈಪೈ ಬಳಸುವವರಿಗೆ ಒಂದು ಮಾತು. ಲೆಕ್ಕ ಕೆಟ್ಟರೂ ಸಾಲ್ವ್_ಬಿವಿಪಿ ಎರರ್ ಎಸೆಯುವುದಿಲ್ಲ, ಬಾಯಿ ಮುಚ್ಚಿಕೊಂಡು ಏನೋ ಒಂದಷ್ಟು ಸಂಖ್ಯೆ ಕೊಡುತ್ತದೆ. ಫಲಿತಾಂಶದೊಳಗಿನ ಸಕ್ಸೆಸ್ ನಿಜವೋ ಸುಳ್ಳೋ ನೋಡಿದ ಮೇಲೆಯೇ ಗ್ರಾಫಿಗೆ ಕೈ ಹಾಕಬೇಕು.

ಸಮೀಕರಣ ಇಳಿಸುವಾಗ ಕೈಲೆಕ್ಕ ತಾಳೆ ನೋಡಲು, ಸೂತ್ರಗಳನ್ನೇ ಬಿಡಿಸುವ ಮ್ಯಾಕ್ಸಿಮಾ ಎಂಬ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೇನೆ. ಹಳೇ ಕಾಲದ ಮುಖ, ಕೆಲಸ ಗಟ್ಟಿ.

ಗ್ರಾಫಿಗೆ ಬೇರೆಯೇ ಸಾಧನ. ಲೆಕ್ಕದ ಫಲಿತಾಂಶ ಮೊದಲು ಸಾದಾ ಪಠ್ಯ ಕಡತಕ್ಕೆ ಹೋಗುತ್ತದೆ, ಕಡತದ ಹೆಸರಲ್ಲೇ ಎಸ್ ಬೆಲೆ ಬರೆದಿರುತ್ತೇನೆ. ಗ್ರಾಫ್ ಬರೆಯುವ ಕೋಡ್ ಆ ಕಡತವನ್ನು ಮಾತ್ರ ಓದುತ್ತದೆ. ರಿವ್ಯೂವರ್ ಗೆರೆಗಳ ಬಗೆ ಬದಲಿಸಿ ಅಂದರೆ ಸಾಲ್ವರ್ ಮತ್ತೆ ಓಡಿಸಬೇಕಿಲ್ಲ. ಎಕ್ಸೆಲ್‌ನಲ್ಲಿ ಬರೆಯುವವರಿಗೆ ಅಲ್ಲಿನ ನುಣುಪು ಗೆರೆಯನ್ನು ಬಿಡಿ ಎನ್ನುತ್ತೇನೆ. ಬಿಂದುಗಳು ವಿರಳವಾಗಿದ್ದರೆ ಬಾಗುವ ಕಡೆ ಗೆರೆ ಉಬ್ಬಿ, ಗಡಿಪದರದ ವೇಗ 1 ದಾಟಿದಂತೆ ಕಾಣಿಸುತ್ತದೆ. ಭೌತಶಾಸ್ತ್ರದಲ್ಲಿ ಅದಕ್ಕೆ ಬೇರೆಯೇ ಅರ್ಥ ಬಂದುಬಿಡುತ್ತದೆ.

ಚಿತ್ರವನ್ನು ಅಚ್ಚಾಗುವ ಅಳತೆಯಲ್ಲೇ ಬರೆಯುವುದು ಒಳ್ಳೆಯದು. ಎಲ್ಸೆವಿಯರ್ ಪತ್ರಿಕೆಗಳಲ್ಲಿ ಒಂದು ಕಾಲಂ ಅಂದರೆ 90 ಮಿಲಿಮೀಟರ್ ಅಗಲ. ಪರದೆ ತುಂಬ ಬರೆದು ಆಮೇಲೆ ಕುಗ್ಗಿಸಿದರೆ ಅಕ್ಷದ ಸಂಖ್ಯೆಗಳು ಇರುವೆ ಸಾಲಾಗುತ್ತವೆ. ಗೆರೆಗಳನ್ನು ಬಣ್ಣದಿಂದ ಮಾತ್ರವಲ್ಲದೆ ತುಂಡು ಗೆರೆ, ಚುಕ್ಕಿ ಗೆರೆ ಎಂದೂ ಬೇರ್ಪಡಿಸುತ್ತೇನೆ, ವಿಭಾಗದಲ್ಲಿ ಎಲ್ಲರೂ ಕಪ್ಪು ಬಿಳುಪಿನಲ್ಲೇ ಪ್ರಿಂಟ್ ತೆಗೆಯುವುದು. ಪೈಥಾನ್‌ನಲ್ಲಿ ಗ್ರಾಫ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ಪಿಡಿಎಫ್ ತೆಗೆಯುವಾಗ ಪಿಡಿಎಫ್.ಫಾಂಟ್‌ಟೈಪ್ ಅನ್ನು 42ಕ್ಕೆ ಇಡಿ. ಇಲ್ಲದಿದ್ದರೆ ಅದು ಟೈಪ್ 3 ಫಾಂಟ್ ಸೇರಿಸುತ್ತದೆ, ಕೆಲವು ಪ್ರಕಾಶಕರ ಪರೀಕ್ಷೆಯಲ್ಲಿ ಕಡತ ವಾಪಸ್ ಬರುತ್ತದೆ.

ಕನ್ನಡದಲ್ಲಿ ವಿಜ್ಞಾನ ಲೇಖನ ಬರೆಯುವಾಗ ಇನ್ನೊಂದು ತೊಡಕು ಎದುರಾಯಿತು. ಅಕ್ಷಕ್ಕೆ "ಉಷ್ಣತೆ" ಎಂದು ಹಾಕಿದೆ. ನಾನು ಬಳಸುತ್ತಿದ್ದ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಯಲ್ಲಿ ಒತ್ತಕ್ಷರ ಕೂಡಲಿಲ್ಲ, ಷಕಾರ ಒಂದು ಕಡೆ, ಣಕಾರ ಇನ್ನೊಂದು ಕಡೆ ಬಿದ್ದಿದ್ದವು. ಕನ್ನಡ ಫಾಂಟ್ ಬದಲಿಸಿದರೂ ಅಷ್ಟೇ. ಅದೇ ಪಠ್ಯ ಕಡತವನ್ನು ನೂಪ್ಲಾಟ್ (gnuplot) ಎಂಬ ಇನ್ನೊಂದು ಗ್ರಾಫ್ ಸಾಧನಕ್ಕೆ ಕೊಟ್ಟು, ಪಿಡಿಎಫ್ ತೆಗೆಯಲು ಅದರ ಪಿಡಿಎಫ್‌ಕೈರೋ ಟರ್ಮಿನಲ್ ಆರಿಸಿದೆ. ಅದು ಅಕ್ಷರ ಜೋಡಿಸುವ ಕೆಲಸವನ್ನು ಪ್ಯಾಂಗೊ ಎಂಬ ಲೈಬ್ರರಿಗೆ ಒಪ್ಪಿಸುವುದರಿಂದ ಒತ್ತು ಸರಿಯಾಗಿ ಕೆಳಗೆ ಕೂತಿತು. ಅಂದಿನಿಂದ ಕನ್ನಡ ಗ್ರಾಫುಗಳೆಲ್ಲ ನೂಪ್ಲಾಟ್‌ನಲ್ಲಿ, ಪೇಪರಿನವು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ.